ಮೂರು ಬಾರಿ ಕರೆ ಮಾಡಲಾಯಿತು

ಜೂನ್ ೧೪

ಶಾಲೆಯ ನರ್ಸಮ್ಮನವರ ಸನ್ನಿಧಿಗೆ,

ಹೌದು, ಇನ್ನು ಮೇಲೆ ಹೀಗೇ ಕರೆಯುತ್ತೇನೆ. ಕಡ್ಡಿ ಎಂದು ಕರೆಯುತ್ತಿದ್ದ ಕಾಲ ಮುಗಿಯಿತು. ಒಂದೇ ಬೆಂಚಿನಲ್ಲಿ ಕೂತು, ಒಂದೇ ಪೆನ್ಸಿಲನ್ನು ಎರಡು ತುಂಡು ಮಾಡಿಕೊಂಡು ಬರೆದವರು ನಾವು ಎಂಬುದನ್ನು ತಾವು ಮರೆತಿದ್ದೀರಿ. ನಾನೂ ಮರೆಯುತ್ತೇನೆ ಬಿಡಿ. ಫೋನ್ ಮಾಡಬಹುದಿತ್ತು, ಮಾಡುವುದಿಲ್ಲ. ತಮಗೆ ಬರೆದದ್ದರ ಮೇಲೆ ಮಾತ್ರ ನಂಬಿಕೆಯಲ್ಲವೇ? ಅದಕ್ಕೇ ಬರೆಯುತ್ತಿದ್ದೇನೆ. ಜೋಪಾನವಾಗಿ ಫೈಲಿಗೆ ಹಾಕಿಕೊಳ್ಳಿ.

ಮಕ್ಕಳ ಸಮಿತಿಯವರು ನನ್ನ ಮಗಳನ್ನು ಜೀಪಿಗೆ ಹತ್ತಿಸಿಕೊಂಡು ಹೋಗಿ ಇವತ್ತಿಗೆ ನಾಲ್ಕು ದಿನ. ಸೋಮವಾರ ಎರಡೂವರೆಗೆ ಪಾಳಿ ಮುಗಿಸಿ, ಲಾಂಡ್ರಿಯ ಬಾಗಿಲಲ್ಲಿರುವ ತಗಡಿನ ಡಬ್ಬಿಯಿಂದ ಫೋನ್ ತೆಗೆದುಕೊಂಡೆ. ಹತ್ತಕ್ಕೊಂದು, ಹನ್ನೊಂದಕ್ಕೊಂದು, ಹನ್ನೆರಡಕ್ಕೊಂದು, ಶಾಲೆಯಿಂದ ಮೂರು ಕರೆ ಬಂದಿದ್ದವು. ತಿರುಗಿ ಮಾಡಿದರೆ ಅಲ್ಲಿ ಎತ್ತುವವರಿಲ್ಲ. ಒದ್ದೆ ಸೀರೆಯಲ್ಲೇ ಓಡಿದೆ. ಗೇಟಿನಲ್ಲಿ ಆಯಾ ಸಿಕ್ಕಳು. ಒಂದೂವರೆಗೇ ಕರೆದುಕೊಂಡು ಹೋದರಂತೆ. ಮಗು ಅಳಲಿಲ್ಲವಂತೆ, ಚೀಲವನ್ನು ತಬ್ಬಿಕೊಂಡು ಹತ್ತಿತಂತೆ. ಅಳಲಿಲ್ಲ ಎಂದು ಹೇಳಿ ನನಗೆ ಸಮಾಧಾನ ಮಾಡಲು ನೋಡಿದಳು ಪಾಪ. ಬಟಾಣಿ ಅಳದೆ ಇದ್ದಾಳೆ ಅಂದರೆ ಏನರ್ಥ ಅಂತ ನನಗೆ ಗೊತ್ತು.

ಮಕ್ಕಳ ಸಮಿತಿಯ ಕಚೇರಿಯಲ್ಲಿ ತಾವು ತುಂಬಿದ ನೀಲಿ ಕಾಗದದ ನಕಲು ಕೊಟ್ಟರು. ಅಕ್ಷರ ಮೊದಲಿನಷ್ಟೇ ಮುದ್ದಾಗಿದೆ. "ಬಲ ಮುಂಗೈ ಮೇಲೆ ಇಸ್ತ್ರಿಪೆಟ್ಟಿಗೆಯ ತುದಿಯಿಂದಾದ ಸುಟ್ಟ ಗಾಯ. ಬೆಳಿಗ್ಗೆ ಮನೆಯಲ್ಲಿ ಹಿರಿಯರು ಇರಲಿಲ್ಲ. ತಾಯಿಗೆ ಮೂರು ಬಾರಿ ಕರೆ ಮಾಡಲಾಯಿತು. ಉತ್ತರವಿಲ್ಲ." ಅಷ್ಟೇ. ನನ್ನ ಏಳು ವರ್ಷದ ತಾಯ್ತನ ಐದು ಸಾಲಿಗೂ ಸಾಲಲಿಲ್ಲ.

ಉತ್ತರ ಯಾಕಿಲ್ಲ ಅಂತ ಈ ಊರಲ್ಲಿ ಒಬ್ಬಳಿಗೆ ಗೊತ್ತಿದ್ದರೆ ಅದು ನಿನಗೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಪಾಳಿ ಮುಗಿಯುವವರೆಗೆ ಫೋನ್ ಡಬ್ಬಿಯಲ್ಲಿರುತ್ತದೆ. ನಿಮ್ಮಮ್ಮ ಇಪ್ಪತ್ತೆರಡು ವರ್ಷ ಅದೇ ಆವಿಯಲ್ಲಿ ಬೆಂದು ನಿನ್ನನ್ನು ನರ್ಸ್ ಮಾಡಿದಳು. ಅವಳ ಫೋನೂ ಅದೇ ಡಬ್ಬಿಯಲ್ಲಿರುತ್ತಿತ್ತು, ಅಮ್ಮ ಯಾವಾಗಲೂ ಸಿಗೋದೇ ಇಲ್ಲ ಅಂತ ನೀನೇ ನನ್ನ ಹತ್ತಿರ ಗೊಣಗುತ್ತಿದ್ದೆ. ನೋಡು, ಮರ್ಯಾದೆ ಕೊಟ್ಟು ಬರೆಯೋಣ ಅಂದುಕೊಂಡರೂ ಕೈ ಬರುತ್ತಿಲ್ಲ. ಲಾಂಡ್ರಿ ಶಾಲೆಯಿಂದ ಎಷ್ಟು ದೂರ? ಎಂಟು ನಿಮಿಷ. ಆಯಾಳನ್ನು ಕಳಿಸಿದ್ದರೆ ಸಾಕಿತ್ತು. ಯಾಕೆ ಕಳಿಸಲಿಲ್ಲ?

ನಿನ್ನ ಉತ್ತರಕ್ಕೆ ಕಾಯುತ್ತಿರುವ,
ಬಟಾಣಿಯ ತಾಯಿ

•

ಜೂನ್ ೨೧

ಬಟಾಣಿಯ ತಾಯಿಗೆ,

ಪತ್ರ ತಲುಪಿತು. ಸಿಟ್ಟಿನಲ್ಲಿ ಬರೆದದ್ದನ್ನು ಸಿಟ್ಟು ಎಂದೇ ಓದಿಕೊಂಡೆ.

ಶಾಲೆಯ ನಿಯಮ ನಾನು ಮಾಡಿದ್ದಲ್ಲ. ಮಗುವಿನ ಮೈಮೇಲೆ ಅನುಮಾನದ ಗಾಯ ಕಂಡರೆ ಮೊದಲು ಮನೆಗೆ ಮೂರು ಬಾರಿ ಕರೆ ಮಾಡಬೇಕು. ಪೋಷಕರು ಸಿಕ್ಕಿ, ಬಂದು ವಿವರಣೆ ಕೊಟ್ಟರೆ ಅಪಘಾತದ ಪುಸ್ತಕದಲ್ಲಿ ಬರೆದು ಮಗುವನ್ನು ಅವರ ಜೊತೆ ಕಳಿಸುವುದು. ಸಿಗದಿದ್ದರೆ ಮಧ್ಯಾಹ್ನದ ಗಂಟೆಯ ಒಳಗೆ ನೀಲಿ ಕಾಗದ ಸಮಿತಿಗೆ ಹೋಗಬೇಕು. ಎಲ್ಲರಿಗೂ ಒಂದೇ ನಿಯಮ. ಸ್ನೇಹಿತೆಯ ಮಗಳಿಗೆ ಬೇರೆ, ಊರಿನ ಮಕ್ಕಳಿಗೆ ಬೇರೆ ಎಂದು ಮಾಡಲು ನನಗೆ ಅಧಿಕಾರವಿಲ್ಲ. ಮಾಡಿದ್ದರೆ ನಾಳೆ ನೀನೇ ಹೇಳುತ್ತಿದ್ದೆ, ಪಕ್ಷಪಾತಿ ಎಂದು.

ಎರಡು ವರ್ಷದ ಹಿಂದೆ ಒಬ್ಬ ಹುಡುಗನ ಕಿವಿಯ ಹಿಂದೆ ಕಪ್ಪಗೆ ಕಂದಿದ್ದನ್ನು ನೋಡಿದೆ. ಬಾಗಿಲು ಬಡಿಯಿತು ಎಂದರು, ನಂಬಿದೆ. ಪುಸ್ತಕದಲ್ಲಿ ಹಾಗೇ ಬರೆದೆ. ಎರಡು ತಿಂಗಳ ನಂತರ ಅವನಿಗೆ ಆ ಕಿವಿ ಕೇಳಿಸುವುದು ನಿಂತಿತು. ಅವನು ಈಗಲೂ ಶಾಲೆಯಲ್ಲಿ ನನ್ನನ್ನು ಕಂಡರೆ ಕತ್ತು ತಿರುಗಿಸಿ ಒಳ್ಳೆಯ ಕಿವಿ ಮುಂದೆ ಮಾಡಿ ನಿಲ್ಲುತ್ತಾನೆ. ಅವತ್ತಿನಿಂದ ನಾನು ಯಾರ ಮಾತನ್ನೂ ನಂಬುವುದನ್ನು ಬಿಟ್ಟಿದ್ದೇನೆ. ನಿನ್ನದನ್ನೂ.

ಇನ್ನೊಂದು ಮಾತು. ಏಳು ವರ್ಷದ ಮಗುವನ್ನು ಬೆಳಗಿನ ಜಾವ ಬಿಟ್ಟು ಹೋಗಿ, ಅದರ ಕೈಗೆ ಎಟುಕುವ ಹಾಗೆ ಇಸ್ತ್ರಿಪೆಟ್ಟಿಗೆ ಇಟ್ಟವಳು ನಾನಲ್ಲ.

ಶಾಲೆಯ ನರ್ಸ್

•

ಜುಲೈ ೩

ನಿಯಮದ ತಾಯಿಗೆ,

ನಿನ್ನೆ ಮಕ್ಕಳ ನಿಲಯದಲ್ಲಿ ಮಗಳನ್ನು ನೋಡಲು ಇಪ್ಪತ್ತು ನಿಮಿಷ ಕೊಟ್ಟರು. ಹಸಿರು ಬಣ್ಣ ಬಳಿದ ಕೋಣೆ, ಎರಡು ಕುರ್ಚಿ, ಮೂಲೆಯಲ್ಲಿ ನೋಟ್‌ಬುಕ್ ಹಿಡಿದ ಹೆಂಗಸು. ನಾನು ಮಗಳ ತಲೆ ನೇವರಿಸಿದರೂ ಬರೆಯುತ್ತಾಳೆ, ನೇವರಿಸದಿದ್ದರೂ ಬರೆಯುತ್ತಾಳೆ. ಬಟಾಣಿಯ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿದ್ದಾರೆ. ಹೇನಿತ್ತಂತೆ. ನನ್ನ ಮಗಳ ತಲೆಯಲ್ಲಿ ಹೇನು! ನೀನೇ ವಾರವಾರ ಬಾಚಣಿಗೆ ಹಾಕಿ ನೋಡುತ್ತಿದ್ದೆಯಲ್ಲ, ಹೋಗಿ ಹೇಳು ಅವರಿಗೆ.

ಇಸ್ತ್ರಿಪೆಟ್ಟಿಗೆ ಯಾಕೆ ಮುಟ್ಟಿದೆ ಎಂದು ಕೇಳಿದೆ. ಅವಳು ಮೂಲೆಯ ಹೆಂಗಸನ್ನು ನೋಡಿ, ನನ್ನನ್ನು ನೋಡಿ, ನನ್ನ ಕಿವಿಗೆ ಬಾಯಿಟ್ಟು ಹೇಳಿದಳು. ನಿನಗೂ ಹೇಳುತ್ತೇನೆ, ಕುರ್ಚಿ ಗಟ್ಟಿಯಾಗಿ ಹಿಡಿದುಕೋ.

ಸೋಮವಾರ ಬೆಳಿಗ್ಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಉಗುರು, ಕೂದಲು, ಬಟ್ಟೆ ನೋಡುತ್ತೀಯಲ್ಲ. ಕೈ ಸುಟ್ಟ ಸೋಮವಾರಕ್ಕೆ ಹಿಂದಿನ ವಾರ ಅವಳ ಮುಂದೆ ನಿಂತು ನೀನೊಂದು ಮಾತು ಹೇಳಿದೆಯಂತೆ. "ಏನೇ ಇದು, ಊರಿಗೆಲ್ಲ ಇಸ್ತ್ರಿ ಮಾಡೋಳ ಮಗಳ ಲಂಗಾನೇ ಮುದುರಿದೆಯಲ್ಲ!" ಸಾಲಿನಲ್ಲಿದ್ದವರೆಲ್ಲ ನಕ್ಕರಂತೆ. ಮುಂದಿನ ಭಾನುವಾರ ನಾನು ಎರಡು ಪಾಳಿ ಮಾಡಿ ಬಂದು ಉಟ್ಟ ಬಟ್ಟೆಯಲ್ಲೇ ಬಿದ್ದುಕೊಂಡೆ, ಅವಳ ಲಂಗ ಮರೆತೆ. ಬೆಳಿಗ್ಗೆ ನಾನು ಹೋದ ಮೇಲೆ, ಪಕ್ಕದ ಮನೆ ಅಜ್ಜಿ ಕರೆಯಲು ಬರುವ ಮೊದಲು, ಸ್ಟೂಲ್ ಹತ್ತಿ ಮೇಲಿನ ಹಲಗೆಯಿಂದ ಪೆಟ್ಟಿಗೆ ಇಳಿಸಿದ್ದಾಳೆ. ಎಟುಕುವ ಹಾಗೆ ಇಟ್ಟಿರಲಿಲ್ಲ ಕಣೇ. ನಿನ್ನ ಮುಂದೆ ನಿಲ್ಲಬೇಕಲ್ಲ ಅಂತ ಎಟುಕಿಸಿಕೊಂಡಿದ್ದಾಳೆ. ಸುಟ್ಟ ಕೈಯಲ್ಲೇ ಲಂಗ ಮುಗಿಸಿ, ಉಟ್ಟುಕೊಂಡು ಬಂದು ನಿನ್ನ ಸಾಲಿನಲ್ಲಿ ನಿಂತಿದ್ದಾಳೆ. ನೀನು ಲಂಗ ನೋಡಲಿಲ್ಲ, ಕೈ ನೋಡಿದೆ.

ಇನ್ನು ನಿನ್ನ 'ಎಲ್ಲರಿಗೂ ಒಂದೇ ನಿಯಮ'. ಅದೇ ವಾರ ವಕೀಲರ ಮಗಳ ಬೆನ್ನ ಮೇಲೆ ಬಾಸುಂಡೆ ಇತ್ತಲ್ಲ? ಆಯಾಳೂ ನಮ್ಮ ಓಣಿಯವಳೇ, ಮರೆಯಬೇಡ. ಮೊದಲ ರಿಂಗಿಗೇ ಅವರಮ್ಮ ಫೋನ್ ಎತ್ತಿದಳು, ಕಾರಿನಲ್ಲಿ ಬಂದಳು, ಜಾರುಬಂಡೆಯಿಂದ ಬಿದ್ದಳು ಎಂದಳು. ನೀನು ಅಪಘಾತದ ಪುಸ್ತಕ ತೆಗೆದು ಹಾಗೇ ಬರೆದೆ. ನನ್ನ ಮಗಳ ಕೈ ಸುಟ್ಟದ್ದಕ್ಕೆ ಜೀಪು, ಬೆನ್ನ ಮೇಲೆ ಬೆಲ್ಟಿನ ಬರೆಗೆ ಟಾಟಾ.

ಕಿವಿ ಕೇಳಿಸದ ಹುಡುಗ ಯಾರ ಮಗ ಅಂತ ಯಾಕೆ ಬರೆಯಲಿಲ್ಲ? ನಾನೇ ಬರೆಯುತ್ತೇನೆ. ಗುತ್ತಿಗೆದಾರರ ಮಗ. ಎರಡು ಮಹಡಿಯ ಮನೆ, ಗೇಟಿಗೆ ನಾಯಿ. ಯಾರನ್ನೂ ನಂಬುವುದಿಲ್ಲ ಅನ್ನುತ್ತೀಯ. ಸುಳ್ಳು. ನೀನು ನಂಬುವುದನ್ನು ಬಿಟ್ಟದ್ದು ನಮ್ಮನ್ನು ಮಾತ್ರ. ದೊಡ್ಡ ಮನೆಯವರು ಮಾಡಿದ ಪಾಪಕ್ಕೆ ನಮ್ಮ ಓಣಿಯ ಮಕ್ಕಳ ಹತ್ತಿರ ಪ್ರಾಯಶ್ಚಿತ್ತ ಮಾಡಿಸುತ್ತಿದ್ದೀಯ.

ನಿನ್ನ ಮುಖ ನೋಡಲು ಇಷ್ಟವಿಲ್ಲದ,
ಬಟಾಣಿಯ ತಾಯಿ

•

ಜುಲೈ ೭

ಲಂಗದ ಮಾತು ಆಡಿದ್ದು ನಿಜ. ತಮಾಷೆಗೆ ಆಡಿದೆ. ಅವಳೂ ನಕ್ಕಳು, ನಾನು ನೋಡಿದೆ.

ಇನ್ನು ಮೇಲೆ ಶಾಲೆಯ ವಿಳಾಸಕ್ಕೆ ಬರೆಯಬೇಡ. ಮುಖ್ಯೋಪಾಧ್ಯಾಯಿನಿ ಲಕೋಟೆ ಒಡೆದು ಓದುತ್ತಾರೆ. ಬೇಕಿದ್ದರೆ ಮನೆಗೆ ಬರೆ. ಬರೆಯದಿದ್ದರೂ ನಡೆಯುತ್ತದೆ.

ನರ್ಸ್

•

ಆಗಸ್ಟ್ ೨

ನಕ್ಕಳಂತೆ! ಎಲ್ಲರೂ ನಗುವಾಗ ಏಳು ವರ್ಷದವಳು ಇನ್ನೇನು ಮಾಡಬೇಕಿತ್ತು, ನಿನ್ನ ಮೇಲೆ ದೂರು ಬರೆಯಬೇಕಿತ್ತಾ?

ಹೋದ ವಾರ ಸಮಿತಿಯ ಹೆಂಗಸೊಬ್ಬಳು ಮನೆ ನೋಡಲು ಬಂದಿದ್ದಳು. ಚಪ್ಪಲಿ ಬಿಡಲಿಲ್ಲ. ಅಕ್ಕಿ ಡಬ್ಬದ ಮುಚ್ಚಳ ತೆಗೆದು ನೋಡಿದಳು, ಚಾಪೆ ಎಷ್ಟು ಎಂದು ಎಣಿಸಿದಳು, ಒಂದೇ ಕೋಣೆ ಎಂದು ಬರೆದುಕೊಂಡಳು. ಬಟಾಣಿ ಗೋಡೆಯ ಮೇಲೆ ಬಳಪದಲ್ಲಿ ಬರೆದಿದ್ದ ಮನೆ, ಸೂರ್ಯ, ನಾನು, ಅವಳು ಎಲ್ಲವನ್ನೂ ನೋಡಿ, ಗೋಡೆ ಗಲೀಜು ಎಂದಳು. ಗಂಡ ಎಲ್ಲಿ ಎಂದಳು. ಸತ್ತು ಐದು ವರ್ಷ ಆಯಿತು ಎಂದೆ. ಹಾಗಾದರೆ ಬೆಳಿಗ್ಗೆ ಮಗು ಜೊತೆ ಯಾರಿರುತ್ತಾರೆ ಎಂದಳು. ಪಕ್ಕದ ಅಜ್ಜಿ ಎಂದೆ. ಸಂಬಂಧಿಯೇ? ಅಲ್ಲ. ಅಲ್ಲ ಎಂದೂ ಬರೆದುಕೊಂಡಳು. ನಿಮ್ಮನೆಯಲ್ಲಿ ಸಂಬಂಧಿಯಲ್ಲದ ಕೆಲಸದವಳು ಮಗು ನೋಡಿಕೊಂಡರೆ ಅದಕ್ಕೇನೋ ಬೇರೆ ಹೆಸರಿದೆಯಲ್ಲ ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ. ಈಗೀಗ ನನ್ನ ಊಟವೇ ಅದು.

ವಿಚಾರಣೆ ಇದೇ ಇಪ್ಪತ್ತಕ್ಕೆ. ಅವತ್ತು ಮೂರು ಜನ ಕೂತು ತೀರ್ಮಾನ ಮಾಡುತ್ತಾರೆ, ಮಗಳು ಮನೆಗೆ ಬರುತ್ತಾಳೋ, ಹದಿನೆಂಟು ತುಂಬುವವರೆಗೆ ನಿಲಯದಲ್ಲೇ ಇರುತ್ತಾಳೋ ಎಂದು. ಹನ್ನೊಂದು ವರ್ಷ. ಹನ್ನೊಂದು ವರ್ಷ ನಾನು ಆ ಹಸಿರು ಕೋಣೆಯಲ್ಲಿ ಇಪ್ಪತ್ತು ಇಪ್ಪತ್ತು ನಿಮಿಷದ ಅಮ್ಮ.

ಬೇಡುತ್ತಿಲ್ಲ, ಹೇಳುತ್ತಿದ್ದೇನೆ. ನೀನು ಬರಬೇಕು. ನೀಲಿ ಕಾಗದದ ನಕಲುಗಳನ್ನೂ ಅಪಘಾತದ ಪುಸ್ತಕವನ್ನೂ ತಂದು ಅವರ ಮೇಜಿನ ಮೇಲೆ ಇಡಬೇಕು. ಲಂಗದ ಮಾತನ್ನೂ ಹೇಳಬೇಕು. ಬಾರದಿದ್ದರೆ ಹೆರಿಗೆ ದಿನ ನನ್ನ ಕೈ ಹಿಡಿದು ಕೂತಿದ್ದವಳು, ನನಗಿಟ್ಟ ಅಡ್ಡಹೆಸರು ಹಿಡಿದು ಮೆಣಸಿನಕಾಯಿಗೆ ಬಟಾಣಿ ಹುಟ್ಟಿತು ಎಂದು ನನ್ನ ಮಗಳಿಗೆ ಹೆಸರಿಟ್ಟವಳು ಸತ್ತಳು ಎಂದುಕೊಳ್ಳುತ್ತೇನೆ.

ಬಟಾಣಿಯ ತಾಯಿ

•

ಆಗಸ್ಟ್ ೧೨

ನಿನ್ನ ಬೆದರಿಕೆಗೆ ಹೆದರಿ ಇದನ್ನು ಬರೆಯುತ್ತಿಲ್ಲ. ಅದು ಮೊದಲು ಗೊತ್ತಿರಲಿ.

ಶನಿವಾರ ಶಾಲೆ ಬಿಟ್ಟ ಮೇಲೆ ಔಷಧದ ಕೋಣೆಯ ಬಾಗಿಲು ಹಾಕಿಕೊಂಡು ಕೂತು, ನಾನು ಬಂದಾಗಿನಿಂದ ಬರೆದ ಎಲ್ಲವನ್ನೂ ತೆಗೆದೆ. ನೀನು ಹೇಳಿದ್ದು ಸುಳ್ಳು ಎಂದು ತೋರಿಸಲೆಂದೇ ತೆಗೆದೆ. ನೀಲಿ ಕಾಗದ ಅರವತ್ತೊಂದು. ಅದರಲ್ಲಿ ಐವತ್ತೆಂಟು ಲಾಂಡ್ರಿ ಹಿಂದಿನ ಓಣಿಯವು. ಉಳಿದ ಮೂರರಲ್ಲಿ ಎರಡು ಶಾಲೆಯ ಕಾವಲುಗಾರನ ಮಕ್ಕಳವು, ಒಂದು ಅಡುಗೆಯವಳ ಮಗಳದು. ಅಪಘಾತದ ಪುಸ್ತಕದಲ್ಲಿ ನೂರಕ್ಕೂ ಹೆಚ್ಚು ಗಾಯ. ಸುಟ್ಟದ್ದು, ಕಂದಿದ್ದು, ಹಲ್ಲು ಮುರಿದದ್ದು. ಓಣಿಯ ಮಗುವಿನ ಹೆಸರು ಹುಡುಕಿ ಹುಡುಕಿ ಸಾಕಾಯಿತು. ನಾಲ್ಕು ಸಿಕ್ಕವು, ನಾಲ್ಕೂ ಅಮ್ಮಂದಿರಿಗೆ ಕೆಲಸವಿಲ್ಲದ ದಿನದವು.

ನಾನು ಯಾರ ಮನೆ ಎಂದು ನೋಡಿ ಬರೆದವಳಲ್ಲ. ಇದನ್ನು ನೀನು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಫೋನ್ ಎತ್ತಿದರೋ ಇಲ್ಲವೋ ಎಂದಷ್ಟೇ ನೋಡಿದೆ. ಡಬ್ಬಿಯ ವಿಷಯ ನೆನಪಿರಲಿಲ್ಲವೇ, ಆಯಾಳನ್ನು ಯಾಕೆ ಕಳಿಸಲಿಲ್ಲ ಎಂದು ನೀನು ಕೇಳಿದ್ದೆ. ನೆನಪಿತ್ತು. ಮೂರನೇ ಕರೆ ಮಾಡುವಾಗ ನಿನ್ನ ಫೋನ್ ತಗಡಿನೊಳಗೆ ಗುಂಯ್‌ಗುಟ್ಟುತ್ತಿರುವುದು ಕಣ್ಣಿಗೆ ಕಟ್ಟಿತ್ತು. ಆದರೂ ಬರೆದೆ. ಆಯಾಳನ್ನು ಓಡಿಸಿದರೆ ಎಲ್ಲರ ಮನೆಗೂ ಓಡಿಸಬೇಕಾಗುತ್ತದೆ ಎಂದುಕೊಂಡೆ. ಬರೆದುಬಿಟ್ಟರೆ ನನ್ನ ತಪ್ಪಿರುವುದಿಲ್ಲ ಎಂದುಕೊಂಡೆ. ನನ್ನ ಹೆದರಿಕೆಯನ್ನು ನಿನ್ನ ಮಗಳ ತಲೆಗೆ ಕಟ್ಟಿದೆ.

ಇಪ್ಪತ್ತಕ್ಕೆ ಬರುತ್ತೇನೆ. ನಿನ್ನ ಪಕ್ಕದಲ್ಲಿ ಕೂರುವುದಿಲ್ಲ. ವಕೀಲರ ಮಗಳ ವಿಷಯವನ್ನೂ ಹೇಳುತ್ತೇನೆ, ಆಮೇಲೆ ಆಗುವುದು ಆಗಲಿ.

ನರ್ಸ್

•

ಸೆಪ್ಟೆಂಬರ್ ೪

ಬಟಾಣಿಯ ತಾಯಿಗೆ,

ಆದೇಶದ ಪ್ರತಿ ನಿನಗೂ ಬಂದಿರುತ್ತದೆ. ಮಗು ನಿನ್ನ ಬಳಿಯೇ ಇರಬಹುದು. ಆರು ತಿಂಗಳು ಪ್ರತಿ ವಾರ ಶಾಲೆಯ ನರ್ಸ್ ಮನೆಗೆ ಬಂದು ಮಗುವನ್ನು ನೋಡಿ ವರದಿ ಬರೆಯಬೇಕು. ಹೊಸ ಗಾಯ ಕಂಡರೆ, ನಾನಾಗಲಿ ಬೇರೆ ಯಾವ ವೈದ್ಯರಾಗಲಿ ಅವತ್ತೇ ತಿಳಿಸಬೇಕು, ಮಗು ಅವತ್ತೇ ನಿಲಯಕ್ಕೆ ವಾಪಸ್. ನನ್ನನ್ನೇ ಯಾಕೆ ಹಾಕಿದರು ಎಂದು ಕೇಳಬೇಡ. ಇಬ್ಬರೂ ಒಂದೇ ಊರಿನವರು, ಅನುಕೂಲವಾಗುತ್ತದೆ ಎಂದರು. ವಕೀಲರ ಮನೆಗೆ ಯಾರನ್ನೂ ಕಳಿಸಲಿಲ್ಲ.

ಶಾಲೆಯ ಪುಸ್ತಕ ಹೊರಗೆ ತೆಗೆದುಕೊಂಡು ಹೋದದ್ದಕ್ಕೆ ನನಗೆ ನೋಟಿಸ್ ಕೊಟ್ಟಿದ್ದಾರೆ. ವರ್ಷದ ಕೊನೆಯವರೆಗೆ ಕೆಲಸವಿದೆ. ನಿನ್ನ ಕನಿಕರಕ್ಕಾಗಿ ಇದನ್ನು ಬರೆಯಲಿಲ್ಲ.

ಯಾವ ದಿನ ಬರಲಿ?

ನರ್ಸ್

•

ಸೆಪ್ಟೆಂಬರ್ ೭

ಕನಿಕರ ಇಟ್ಟುಕೊಂಡಿಲ್ಲ, ಖಾಲಿಯಾಗಿದೆ.

ಶನಿವಾರ ಸಂಜೆ ನಾಲ್ಕಕ್ಕೆ ಬಾ. ಚಪ್ಪಲಿ ಹೊರಗೆ ಬಿಡು. ಅಕ್ಕಿ ಡಬ್ಬ ಮುಟ್ಟಬೇಡ. ಗೋಡೆಯ ಚಿತ್ರದ ಬಗ್ಗೆ ಒಂದು ಮಾತೂ ಆಡಬೇಡ. ಚಹಾ ಕೊಡುತ್ತೇನೆ, ಅದು ಮನೆಗೆ ಬಂದವರಿಗೆ ಕೊಡುವ ಚಹಾ, ನಿನಗೆ ಕೊಟ್ಟದ್ದಲ್ಲ. ಅವಳ ಜೊತೆ ತಮಾಷೆ ಮಾಡಬೇಡ. ನೀನು ಬಂದು ಹೇಳಿದೆ ನಿಜ. ನಿನ್ನಿಂದಲೇ ಮಗಳು ಬಂದಳು, ಅದೂ ನಿಜ. ನಿನ್ನಿಂದಲೇ ಹೋದದ್ದೂ ನಿಜವಲ್ಲವೇ? ಒಂದಕ್ಕೊಂದು ಹೊಡೆದುಹಾಕಿದರೆ ನಮ್ಮಿಬ್ಬರ ನಡುವೆ ಏನೂ ಉಳಿಯುವುದಿಲ್ಲ.

ಬಟಾಣಿಯ ತಾಯಿ

•

ಅಕ್ಟೋಬರ್ ೨೨, ಬೆಳಿಗ್ಗೆ

ಇದನ್ನು ಅಜ್ಜಿಯ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಅವಳು ಬಾಗಿಲಲ್ಲೇ ನಿಂತಿರುತ್ತಾಳೆ, ಓದಿ ಮುಗಿಸುವವರೆಗೆ ಕಳಿಸಬೇಡ.

ಐದಾರು ವಾರದಿಂದ ನೀನು ಬರುತ್ತಿದ್ದೀಯ. ನೀನು ಹೊಸಿಲು ದಾಟುವುದೇ ತಡ, ಬಟಾಣಿ ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಂತು ಎರಡೂ ಕೈ ಮುಂದೆ ಚಾಚುತ್ತಾಳೆ. ತಿರುಗು ಎನ್ನುವ ಮೊದಲೇ ತಿರುಗುತ್ತಾಳೆ. ಮೊನ್ನೆ ಶನಿವಾರವೂ ಹಾಗೇ ನಿಂತಳು. ಉದ್ದನೆಯ ಕಾಲುಚೀಲ ಹಾಕಿಕೊಂಡಿದ್ದಳು. ಚಳಿ ಎಂದಳು, ನೀನೂ ಒಪ್ಪಿದೆ, ನಾನೂ ಒಪ್ಪಿದೆ. "ಗಾಯಗಳಿಲ್ಲ" ಎಂದು ಬರೆದು, ಚಹಾ ಕುಡಿದು ಹೋದೆ.

ಗಾಯ ಆಗಲೇ ಇತ್ತು. ಗುರುವಾರ ಶಾಲೆಯ ಮೆಟ್ಟಿಲ ಮೇಲೆ ಬಿದ್ದಿದ್ದಾಳೆ. ಮೊಣಕಾಲ ಕೆಳಗೆ ಅಂಗೈಯಷ್ಟಗಲ ಚರ್ಮ ಕಿತ್ತಿದೆ. ಯಾರಿಗೂ ಹೇಳಲಿಲ್ಲ. ನಿನಗೆ ಹೇಳಲಿಲ್ಲ ಎಂದರೆ ಅರ್ಥವಾಗುತ್ತದೆ. ನನಗೂ ಹೇಳಲಿಲ್ಲ. ಐದು ದಿನ ಕಾಲುಚೀಲ ತೆಗೆಯದೆ ಓಡಾಡಿದ್ದಾಳೆ, ಸ್ನಾನ ನಾನೇ ಮಾಡಿಕೊಳ್ಳುತ್ತೇನೆ ಎಂದು ಬಾಗಿಲು ಹಾಕಿಕೊಂಡಿದ್ದಾಳೆ. ದೊಡ್ಡವಳಾದಳು ಎಂದು ನಾನು ಹಿಗ್ಗಿದ್ದೆ, ಮಂಕು ಮುಂಡೇದು.

ನಿನ್ನೆ ಕುಂಟುವುದನ್ನು ಕಂಡು ಹಿಡಿದು ಕೂರಿಸಿ ಚೀಲ ಎಳೆದೆ. ಬಟ್ಟೆ ಗಾಯಕ್ಕೆ ಅಂಟಿಕೊಂಡಿತ್ತು. ಕೀವು. ಸುತ್ತ ಕೆಂಪಗೆ ಊದಿದೆ. ನಾನು ಬಾಯಿ ತೆರೆಯುವ ಮೊದಲೇ ನನ್ನ ಕೈ ಹಿಡಿದುಕೊಂಡು ಹೇಳಿದಳು: "ಇದು ಗಾಯ ಅಲ್ಲಮ್ಮ. ಕೆಸರು. ತೊಳೆದ್ರೆ ಹೋಗತ್ತೆ."

ಅಳುತ್ತಿರಲಿಲ್ಲ.

ಬಿಸಿನೀರಿನಲ್ಲಿ ತೊಳೆದು ಒಣ ಬಟ್ಟೆ ಕಟ್ಟಿದೆ. ರಾತ್ರಿಯೆಲ್ಲ ಮೈ ಕಾದಿತ್ತು. ಬೆಳಿಗ್ಗೆ ಕೆಂಪು ಇನ್ನೂ ಮೇಲೆ, ಮೊಣಕಾಲಿನವರೆಗೆ ಹತ್ತಿದೆ. ಕರೆದುಕೊಂಡು ಹೋಗಬೇಕೆಂದು ಎರಡು ಸಲ ಎತ್ತಿಕೊಂಡು ಬಾಗಿಲವರೆಗೆ ಬಂದೆ. ದವಾಖಾನೆಯವರು ಹೆಸರು ಕೇಳುತ್ತಾರೆ, ಹೆಸರಿನ ಮುಂದೆ ಸಮಿತಿಯ ಆದೇಶ ಇದೆ, ಸಂಜೆಯೊಳಗೆ ಜೀಪು ಬರುತ್ತದೆ. ಎರಡು ಸಲವೂ ಅವಳು ನನ್ನ ಕತ್ತು ತಬ್ಬಿಕೊಂಡು, ಬೇಡ, ನೋವಿಲ್ಲ, ನೋವಿಲ್ಲ ಎಂದಳು. ಎರಡು ಸಲವೂ ನಾನು ಒಳಗೆ ಬಂದೆ. ಮಗು ಜ್ವರದಲ್ಲಿ ಬೇಯುತ್ತಿದ್ದರೂ ವೈದ್ಯರ ಹತ್ತಿರ ಒಯ್ಯಲು ಹೆದರುವ ತಾಯಿ. ನೀಲಿ ಕಾಗದದಲ್ಲಿ ನೀನು ಬರೆದ ತಾಯಿ ಜೂನ್‌ನಲ್ಲಿ ಇರಲಿಲ್ಲ. ಈಗ ಇದ್ದಾಳೆ. ನೀವೆಲ್ಲ ಸೇರಿ ಮಾಡಿದಿರಿ.

ಬರೆಯಬೇಡ ಎಂದು ಹೇಳುವುದಿಲ್ಲ. ಬರೆಯದೆ ಬಿಟ್ಟದ್ದರಿಂದ ಆ ಹುಡುಗನಿಗೆ ಏನಾಯಿತು ಎಂದು ನಿನಗೆ ಗೊತ್ತು, ನನಗೂ ಗೊತ್ತು. ಇಷ್ಟೇ ಕೇಳುತ್ತೇನೆ. ವಕೀಲರ ಹೆಂಡತಿಗೆ ಕೊಟ್ಟದ್ದನ್ನು ನನಗೂ ಕೊಡು. ಮೊದಲು ಗಾಯ ನೋಡು, ಆಮೇಲೆ ಏನಾಯಿತು ಎಂದು ನನ್ನನ್ನು ಕೇಳು, ನಾನು ಹೇಳುವಾಗ ನನ್ನ ಮುಖ ನೋಡಿ ಕೇಳು. ಅವಳನ್ನೂ ಕೇಳು. ಪೆನ್ನು ಅದಾದ ಮೇಲೆ ತೆಗೆ. ಏನು ಬರೆಯುತ್ತೀಯೋ ನಿನಗೆ ಬಿಟ್ಟದ್ದು. ಜೀಪು ಬರುವುದೇ ಆದರೆ ಈ ಸಲ ನಾನೂ ಹತ್ತುತ್ತೇನೆ, ಯಾರು ಇಳಿಸುತ್ತಾರೋ ನೋಡುತ್ತೇನೆ.

ನಿನ್ನನ್ನು ಕ್ಷಮಿಸಿದೆ ಎಂದು ತಿಳಿಯಬೇಡ, ಕ್ಷಮಿಸಿಲ್ಲ. ನನಗೆ ಗೊತ್ತಿರುವ ನರ್ಸ್ ನೀನೊಬ್ಬಳೇ. ಇವತ್ತು ಪಾಳಿಗೆ ಹೋಗಿಲ್ಲ, ಫೋನ್ ನನ್ನ ಕೈಯಲ್ಲೇ ಇದೆ. ಜ್ವರ ನೂರಾಮೂರು. ಅಜ್ಜಿಯ ಜೊತೆಯೇ ಹೊರಡು.

ಅವಳ ತಾಯಿ